ತಿರಸ್ಕೃತವಾದ ಕ್ಲೇಮು ಯಾರ ಬಾಕಿ?

ಕಾಸರಗೋಡು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿಕೊಟ್ಟದ್ದು ಒಂದೇ ಮಾತು: ಸರಕಾರಿ ಆರೋಗ್ಯ ವಿಮಾ ಯೋಜನೆಯ ಕಾರ್ಡ್ ಇದ್ದವರಿಂದ ಹಣ ಕೇಳಬಾರದು, ಅದನ್ನು ಸರಕಾರ ಕೊಡುತ್ತದೆ. ಸರಕಾರ ಕೊಡದಿದ್ದರೆ ಆ ಬಿಲ್ ಯಾರ ತಲೆಗೆ ಬರುತ್ತದೆ ಎಂದು ಅಂದು ನಾನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆ ಉತ್ತರವನ್ನು ನಾನು ಕಲಿತದ್ದು ಒಂದು ಕುಟುಂಬಕ್ಕೆ ತೊಂದರೆ ಕೊಟ್ಟ ಮೇಲೆ.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕೆಲಸ ಆರಂಭವಾದರೆ ನಮ್ಮಲ್ಲಿ ಮರದಿಂದ ಬಿದ್ದವರು ಬರುವುದೂ ಆರಂಭವಾಗುತ್ತದೆ. ಹಾಗೆ ತೊಡೆಯ ಮೂಳೆ ಮುರಿದುಕೊಂಡು ಬಂದ ಒಬ್ಬರ ಬೆರಳುಗಳು ಸುಣ್ಣ ಮತ್ತು ಮೈಲುತುತ್ತಿನಿಂದ ಒಡೆದುಹೋಗಿದ್ದು, ಯಂತ್ರವು ಅವರ ಬೆರಳಚ್ಚನ್ನು ಆರೇಳು ಬಾರಿಯಾದರೂ ಒಪ್ಪಲಿಲ್ಲ. ಒಟಿಪಿಯ ಮೂಲಕ ಗುರುತು ದೃಢಪಡಿಸೋಣವೆಂದರೆ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ಬೆಂಗಳೂರಿನಲ್ಲಿದ್ದ ಮಗನ ಕೈಯಲ್ಲಿತ್ತು. ಹೆಸರಿನ ತೊಡಕಂತೂ ಗಡಿನಾಡಿನಲ್ಲಿ ದಿನನಿತ್ಯದ್ದು. ಆಧಾರ್‌ನಲ್ಲಿ ಗೋಪಾಲ ಎಂದಿರುವವರು ರೇಷನ್ ಕಾರ್ಡಿನಲ್ಲಿ ಗೋಪಾಲನ್ ಆಗಿರುತ್ತಾರೆ, ಮನೆಹೆಸರಿನ ಅಕ್ಷರ ಒಂದರಲ್ಲಿ ಮುಂದೆ ಇದ್ದರೆ ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯ ಮೂವರಾಗುತ್ತಾನೆ. ಇವೆಲ್ಲ ಸರಿಹೋಗಿ ಪೂರ್ವಾನುಮತಿ ಸಿಕ್ಕಿ, ಶಸ್ತ್ರಚಿಕಿತ್ಸೆಯೂ ಆಗಿ, ಅವರು ಊರುಗೋಲು ಹಿಡಿದು ಮನೆಗೆ ಹೋದರು.

ಚಿಕಿತ್ಸೆಯ ಹಣ ಕೇಳಿ ಯೋಜನೆಗೆ ಕ್ಲೇಮು ಕಳುಹಿಸುವಾಗ ಶಸ್ತ್ರಚಿಕಿತ್ಸೆಯ ನಂತರದ ಎಕ್ಸ್‌ರೇಯನ್ನು ಅಪ್‌ಲೋಡ್ ಮಾಡಲು ನಾನು ಮರೆತಿದ್ದೆ. ಅದನ್ನು ಕೇಳಿ ಬಂದ ಕ್ವೆರಿಯನ್ನು ಓಣಂ ರಜೆಯ ಗಡಿಬಿಡಿಯಲ್ಲಿ ಯಾರೂ ತೆರೆದು ನೋಡಲಿಲ್ಲ. ಕ್ಲೇಮು ತಿರಸ್ಕೃತವಾಯಿತು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನ ಪಾಡಿಗೆ ಆ ಮೊತ್ತವನ್ನು ರೋಗಿಯ ಖಾತೆಗೆ ತಿರುಗಿಸಿ ‘ಬಾಕಿ’ ಎಂದು ತೋರಿಸಿತು. ಲೆಕ್ಕಪತ್ರ ವಿಭಾಗದವರು ಪಟ್ಟಿ ಕೊಟ್ಟರು, ನಾನು ಫೋನ್ ಮಾಡಿದೆ. ಆ ಮನೆಯಾಕೆ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಅಕ್ಕಾ, ಕಾರ್ಡ್ ಕೊಟ್ಟಿದ್ದೆವಲ್ಲ, ಮತ್ತೆ ಎಂತ ಬಾಕಿ?” ನಾನು ಪಟ್ಟಿಯಲ್ಲಿದ್ದುದನ್ನು ಓದಿ ಹೇಳಿದೆ. ವಾರದೊಳಗೆ ಅವರು ಸಹಕಾರಿ ಬ್ಯಾಂಕಿನಲ್ಲಿ ಬಳೆ ಅಡವಿಟ್ಟು ಒಂದಿಷ್ಟು ಹಣ ತಂದುಕೊಟ್ಟರು, ನಾನು ರಶೀದಿ ಹರಿದುಕೊಟ್ಟೆ.

ಆ ರಶೀದಿಯನ್ನು ತಿಂಗಳ ಕೊನೆಯಲ್ಲಿ ಕಂಡ ನಮ್ಮ ಹಿರಿಯ ವೈದ್ಯರೊಬ್ಬರು ನನ್ನನ್ನು ಕರೆದು, ಆಸ್ಪತ್ರೆಯು ಯೋಜನೆಯೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರತಿಯನ್ನು ಮುಂದಿಟ್ಟು ಓದಿಸಿದರು. ಕೇರಳದಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯು 2018ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡು ನಡೆಯುತ್ತದೆ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಒಳರೋಗಿ ಚಿಕಿತ್ಸೆ ಅದರಲ್ಲಿದೆ. ಹಿಂದಿನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ (ಆರ್‌ಎಸ್‌ಬಿವೈ) ಕಾಲದಲ್ಲಿ ಅದು 30,000 ರೂಪಾಯಿ ಮಾತ್ರ ಇತ್ತು. ಮೊದಲು ಇಲ್ಲಿ ವಿಮಾ ಕಂಪನಿಯೊಂದು ನಡುವೆ ಇತ್ತು. 2020ರ ಜುಲೈಯಿಂದ ರಾಜ್ಯ ಆರೋಗ್ಯ ಏಜೆನ್ಸಿಯೇ ನೇರವಾಗಿ ಹಣ ಪಾವತಿ ಮಾಡುತ್ತದೆ. ಆಯಾ ಚಿಕಿತ್ಸೆಗೆ ಒಟ್ಟಾಗಿ ನಿಗದಿಪಡಿಸಿದ ಪ್ಯಾಕೇಜ್ ದರದೊಳಗೆ ಹಾಸಿಗೆ, ವೈದ್ಯರ ಶುಲ್ಕ, ಅರಿವಳಿಕೆ, ಔಷಧಿ, ಪರೀಕ್ಷೆಗಳಲ್ಲದೆ ದಾಖಲಾಗುವುದಕ್ಕೆ 3 ದಿನ ಮೊದಲಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಸಂಬಂಧಿತ ಖರ್ಚೂ ಅಡಗಿದೆ. ಆದುದರಿಂದ ಆ ಚಿಕಿತ್ಸೆಗೆಂದು ಫಲಾನುಭವಿಯಿಂದ ಬೇರೆ ಹಣ ಪಡೆಯುವಂತಿಲ್ಲ. ಪಡೆದದ್ದು ಸಾಬೀತಾದರೆ ಮರಳಿಸಬೇಕಾಗುವುದಲ್ಲದೆ ದಂಡವೂ ಬೀಳುತ್ತದೆ, ಮರುಕಳಿಸಿದರೆ ಆಸ್ಪತ್ರೆಯೇ ಪಟ್ಟಿಯಿಂದ ಹೊರಬೀಳಬಹುದು. ನಮ್ಮ ಕಡತ ಅಪೂರ್ಣವಾಗಿದ್ದುದಕ್ಕೆ ತಿರಸ್ಕೃತವಾದ ಕ್ಲೇಮಾಗಲಿ, ಏಜೆನ್ಸಿಯು ಕಡಿತಗೊಳಿಸಿದ ಮೊತ್ತವಾಗಲಿ ಆಸ್ಪತ್ರೆಯ ನಷ್ಟವೇ ಹೊರತು ರೋಗಿಯ ಸಾಲವಲ್ಲ. ಸಾಫ್ಟ್‌ವೇರ್ ಅದನ್ನು ಬಾಕಿ ಎಂದು ತೋರಿಸುತ್ತಿದ್ದದ್ದು, ಹಣ ಕೊಟ್ಟು ಚಿಕಿತ್ಸೆ ಪಡೆಯುವವರಿಗಾಗಿ ಯಾರೋ ಎಂದೋ ಮಾಡಿಟ್ಟ ಏರ್ಪಾಡಿನ ಫಲ, ಅಷ್ಟೇ.

ಮರುದಿನವೇ ಆಕೆಯನ್ನು ಕರೆಸಿ ಹಣ ಹಿಂದಿರುಗಿಸಿದೆವು. ಆಕೆ ನೋಟುಗಳನ್ನು ಎರಡು ಸಲ ಎಣಿಸಿ, ಚೀಲದಿಂದ ಅಡವಿನ ಚೀಟಿ ತೆಗೆದು, “ಇದರ ಬಡ್ಡಿ?” ಎಂದರು. ನಮ್ಮ ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಸಣ್ಣ ಮೊತ್ತವನ್ನು ನಾನೇ ಕೊಟ್ಟೆ. ಎಕ್ಸ್‌ರೇ ಸಮೇತ ಮೇಲ್ಮನವಿ ಸಲ್ಲಿಸಿದ ಮೇಲೆ ಏಜೆನ್ಸಿಯು ಪ್ಯಾಕೇಜಿನ ಬಹುಭಾಗವನ್ನು ಪಾವತಿಸಿತು.

ನಿಜವಾಗಿಯೂ ರೋಗಿಯ ಮೇಲೆ ಬೀಳುವ ಬಿಲ್‌ಗಳಿಲ್ಲವೆಂದಲ್ಲ. ಕಾರ್ಡ್ ಇಲ್ಲದವರು, ವರ್ಷದ ಮಿತಿ ಮುಗಿದವರು, ಪ್ಯಾಕೇಜಿನಲ್ಲಿ ಸೇರದ ಚಿಕಿತ್ಸೆ ಬೇಕಾದವರು ಬರುತ್ತಲೇ ಇರುತ್ತಾರೆ. ಯೋಜನೆಯ ಹೊರಗಿದ್ದು ವಾರ್ಷಿಕ ಆದಾಯ 3 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಕುಟುಂಬಗಳಿಗೆ ಕಾರುಣ್ಯ ಬೆನೆವೊಲೆಂಟ್ ಫಂಡ್‌ನಿಂದ 2 ಲಕ್ಷದವರೆಗೆ, ಮೂತ್ರಪಿಂಡ ಕಸಿಯಾದರೆ 3 ಲಕ್ಷದವರೆಗೆ ನೆರವು ಸಿಗುತ್ತದೆ ಎಂಬುದನ್ನು ಮೊದಲ ದಿನವೇ ಹೇಳದೆ, ಬಿಡುಗಡೆಯ ದಿನ ಬಿಲ್ ಕೈಗಿತ್ತ ಮೇಲೆ ಹೇಳುವುದರಲ್ಲಿ ಏನೂ ಅರ್ಥವಿಲ್ಲ. ಮಂಗಳೂರಿಗೆ ಹೋಗುವವರ ವಿಷಯ ಇನ್ನೂ ಸೂಕ್ಷ್ಮ. ರಾಜ್ಯದ ಗಡಿಯಾದ ತಲಪಾಡಿ ದಾಟಿದರೆ ಇದೇ ಕಾರ್ಡ್ ಪೋರ್ಟಬಿಲಿಟಿ ನಿಯಮದಡಿ, ಅಂದರೆ ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ರಾಜ್ಯದಲ್ಲಿ ಬಳಸುವ ನಿಯಮದಡಿ, ಬರುತ್ತದೆಯಾದ್ದರಿಂದ, ಆಂಬುಲೆನ್ಸ್ ಹತ್ತಿಸುವ ಮೊದಲು ಅಲ್ಲಿನ ವಿಮಾ ಕೌಂಟರಿಗೆ ಫೋನ್ ಮಾಡಿ ಕಾರ್ಡ್ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಆಡಳಿತದವರ ಸಂಕಟವನ್ನೂ ನಾನು ಅಲ್ಲಗಳೆಯುವುದಿಲ್ಲ. ನಿಯಮದಲ್ಲಿ ರಾಜ್ಯದೊಳಗಿನ ಕ್ಲೇಮಿಗೆ 15 ದಿನ, ಪೋರ್ಟಬಿಲಿಟಿಯದ್ದಕ್ಕೆ 30 ದಿನ ಎಂದಿದ್ದರೂ ಹಣ ತಿಂಗಳುಗಟ್ಟಲೆ ಬರುವುದಿಲ್ಲ, ಔಷಧಿ ಪೂರೈಸುವವರು ಮಾತ್ರ ಕಾಯುವುದಿಲ್ಲ. ಆದರೆ ಆ ಒತ್ತಡವನ್ನು ವಾರ್ಡಿನಲ್ಲಿ ಮಲಗಿರುವವರ ಕಡೆಗೆ ತಿರುಗಿಸುವುದು ನಿಯಮಕ್ಕೂ ಒಪ್ಪುವುದಿಲ್ಲ, ನ್ಯಾಯಕ್ಕೂ ಒಪ್ಪುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಬಿಲ್ ವಿವಾದದ ನೆಪದಲ್ಲಿ ರೋಗಿಯನ್ನಾಗಲಿ ಮೃತದೇಹವನ್ನಾಗಲಿ ತಡೆದಿಡಬಾರದೆಂದು ಸ್ಪಷ್ಟವಾಗಿ ಹೇಳಲಾಗಿದೆ.

ಈಗ ನಮ್ಮ ಕೌಂಟರಿನ ರಿಜಿಸ್ಟರಿನಲ್ಲಿ ‘ರೋಗಿಯ ಬಾಕಿ’, ‘ಏಜೆನ್ಸಿಯಿಂದ ಬರಬೇಕಾದದ್ದು’, ‘ನಮ್ಮ ತಪ್ಪಿನಿಂದ ಹೋದದ್ದು’ ಎಂದು ಮೂರು ಕಾಲಂಗಳಿವೆ. ಮೂರನೆಯದನ್ನು ತೆಗೆದುಹಾಕಿ ಎಂದು ಲೆಕ್ಕಪತ್ರ ವಿಭಾಗದವರು ಪ್ರತಿ ಮಾರ್ಚಿನಲ್ಲೂ ಕೇಳುತ್ತಾರೆ, ನಾನು ಇನ್ನೂ ತೆಗೆದಿಲ್ಲ.