ಮಾಚಿಪತ್ರೆ ಕಿತ್ತ ಶನಿವಾರ

ನ್ಯೂಯಾರ್ಕಿನ 6ನೇ ನಂಬರಿನ ಸಬ್‌ವೇ ರೈಲು ಮ್ಯಾನ್‌ಹ್ಯಾಟನ್ ಪೂರ್ತಿ ನೆಲದಡಿಯಲ್ಲೇ ಓಡುತ್ತದೆ. ನಗರದ ಉತ್ತರ ಭಾಗವಾದ ಬ್ರಾಂಕ್ಸ್ ಒಳಗೆ ಸ್ವಲ್ಪ ದೂರ ಬಂದ ಮೇಲೆ ಒಮ್ಮೆಗೇ ಬೆಳಕಿಗೆ ಬಂದು ಕಂಬಗಳ ಮೇಲಿನ ಹಳಿಗೆ ಏರುತ್ತದೆ. ಆಗ ಮೊದಲು ಸಿಗುವ ಸ್ಟೇಷನ್ ವಿಟ್‌ಲಾಕ್ ಅವೆನ್ಯೂ. ಪ್ಲಾಟ್‌ಫಾರ್ಮ್ ಮೇಲೆ ನಿಂತು ನೋಡಿದೆ. ಕೆಳಗೆ ಒಂದು ನದಿ. ಅದರ ದಂಡೆಯಲ್ಲಿ ಕೆಂಪು ಬಣ್ಣ ಬಳಿದ ಎತ್ತರದ ಗೋಪುರಗಳು.

"ಅದೇ ಅಮ್ಮ, ಕಾಂಕ್ರೀಟ್ ಪ್ಲಾಂಟ್ ಪಾರ್ಕ್" ಅಂದಳು ಮಗಳು. ಅವಳು ನ್ಯೂಜೆರ್ಸಿಯಲ್ಲಿದ್ದಾಳೆ. ಬಾಣಂತನಕ್ಕೆ ಅಂತ ಬಂದಿದ್ದ ನಾನು ನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದೆ. ಅಳಿಯ ಮಗುವನ್ನು ನೋಡಿಕೊಳ್ಳುತ್ತೇನೆ ಅಂದ. ಲಿಬರ್ಟಿ ಪ್ರತಿಮೆ ಆಗಲೇ ನೋಡಿಯಾಗಿತ್ತು. ಈ ಶನಿವಾರ ನದಿ ದಂಡೆಯಲ್ಲಿ ಕಳೆ ಕೀಳೋಕೆ ಹೋಗೋಣ್ವಾ ಅಂತ ಅವಳು ಕೇಳಿದಾಗ ತಕ್ಷಣ ಹೂಂ ಅಂದೆ. ನಾನು ಕೆಂಗೇರಿಯವಳು. ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಯ ಪಕ್ಕದಲ್ಲೇ ಬೆಳೆದವಳು. ನದಿಗೆ ಜನ ಏನು ಮಾಡಬಹುದು ಅನ್ನುವ ಪ್ರಶ್ನೆ ನನ್ನ ಜೊತೆಗೇ ಇದೆ.

ಬ್ರಾಂಕ್ಸ್ ನದಿ ದೊಡ್ಡದೇನಲ್ಲ. ಉದ್ದ ಸುಮಾರು 37 ಕಿಲೋಮೀಟರ್. ಉತ್ತರದ ವೆಸ್ಟ್‌ಚೆಸ್ಟರ್ ಕಡೆಯಿಂದ ಹರಿದು ಬಂದು, ನ್ಯೂಯಾರ್ಕ್ ನಗರದೊಳಗೆ ಬಟಾನಿಕಲ್ ಗಾರ್ಡನ್ನು, ಝೂ ಎಲ್ಲ ದಾಟಿ ಈಸ್ಟ್ ರಿವರ್ ಸೇರುತ್ತದೆ. ಕೆಳಗಿನ ಭಾಗದಲ್ಲಿ ಕಾರ್ಖಾನೆ, ಗೋದಾಮು, ಹೆದ್ದಾರಿ ಎಲ್ಲವೂ ದಂಡೆಗೇ ಬಂದು ಕೂತವು. ಜನ ಇದ್ದದ್ದು ಬೇಲಿಯ ಈಚೆ. ಹಳೆ ಕಾರು, ಟೈರು ಎಲ್ಲ ನೀರಿಗೆ ಬಿದ್ದವು. ಪಕ್ಕದ ಬೀದಿಯ ಮಕ್ಕಳಿಗೆ ಅಲ್ಲೊಂದು ನದಿ ಇದೆ ಅಂತಲೇ ಗೊತ್ತಿರಲಿಲ್ಲವಂತೆ.

ಗೇಟಿನ ಹತ್ತಿರ ಗ್ಲೌಸ್, ಚೀಲ, ಸಣ್ಣ ಗುದ್ದಲಿ ಇಟ್ಟಿದ್ದರು. ಇಪ್ಪತ್ತು ಜನ ಸೇರಿದ್ದೆವು. ಹೈಸ್ಕೂಲು ಹುಡುಗರು, ಒಬ್ಬ ಬಸ್ ಡ್ರೈವರ್, ಮೊಮ್ಮಗನ ಕೈ ಹಿಡಿದು ಬಂದ ಪೋರ್ಟೊರಿಕೊ ಮೂಲದ ಅಜ್ಜಿ. ತಂಡ ನಡೆಸುತ್ತಿದ್ದ ಹುಡುಗಿ ಮೊದಲು ಒಂದು ಗಿಡ ಕಿತ್ತು ತೋರಿಸಿದಳು. "ಇದು ಮಗ್‌ವರ್ಟ್. ಹೊರಗಿನಿಂದ ಬಂದದ್ದು. ಬೇರು ಉಳಿದರೆ ಮತ್ತೆ ಬರುತ್ತೆ. ಬೇರಿನ ಸಮೇತ ಕೀಳಿ."

ನಾನು ಎಲೆ ಉಜ್ಜಿ ಮೂಸಿ ನೋಡಿದೆ. ಮಾಚಿಪತ್ರೆ! ನಮ್ಮದಕ್ಕೆ ತೀರಾ ಹತ್ತಿರದ ನೆಂಟ. ಗಣೇಶನ ಪೂಜೆಗೆ ಇಡುವ, ಹೂವಿನ ಜೊತೆ ಸೇರಿಸಿ ದಂಡೆ ಕಟ್ಟುವ ಅದೇ ಘಮ. ಮಗಳಿಗೆ ಮೂಸಲು ಕೊಟ್ಟೆ. ಅವಳ ಮುಖ ಅರಳಿತು. ಆ ಹುಡುಗಿಗೆ ಹೇಳಿದಾಗ ಅವಳೂ ಹತ್ತು ನಿಮಿಷ ಕೂತು ಕೇಳಿಸಿಕೊಂಡಳು. ಆದರೆ ಕೀಳುವುದನ್ನು ನಿಲ್ಲಿಸಲಿಲ್ಲ. ಅವಳು ಹೇಳಿದ್ದೂ ಸರಿ. ಇಲ್ಲಿ ಅದು ನೆಲವನ್ನೆಲ್ಲ ಆವರಿಸಿಕೊಂಡು, ಅಲ್ಲಿನ ಗಿಡಗಳಿಗೆ ಜಾಗವೇ ಬಿಡುವುದಿಲ್ಲ. ಎರಡು ಗಂಟೆ ಕೂತು ಕಿತ್ತೆವು. ಸೊಂಟ ಹಿಡಿದುಕೊಂಡಿತು, ಮನಸ್ಸು ಮಾತ್ರ ಹಗುರಾಯಿತು.

ಮಧ್ಯೆ ನೀರು ಕುಡಿಯಲು ಕೂತಾಗ ಅಜ್ಜಿ ಪಾರ್ಕಿನ ಕಥೆ ಹೇಳಿದರು. ಆ ಗೋಪುರಗಳು ಕಾಂಕ್ರೀಟ್ ಕಲಸುವ ಕಾರ್ಖಾನೆಯವು. 1987ರಲ್ಲಿ ಅದು ಮುಚ್ಚಿತು. ಜಾಗ ಪಾಳು ಬಿತ್ತು. ಅದು ಬೇರೆ ಯಾರದ್ದೋ ಪಾಲಾಗುವ ಹೊತ್ತಿಗೆ ಬಡಾವಣೆಯ ಯುವಕರು, ಅಲ್ಲಿನ ಸಂಘಗಳು ಬೆನ್ನು ಹತ್ತಿ ಪಾರ್ಕಿಗೆ ಉಳಿಸಿಕೊಂಡರು. 2009ರಲ್ಲಿ ಪಾರ್ಕ್ ತೆರೆಯಿತು. ಗೋಪುರಗಳನ್ನು ಕೆಡವದೆ ಬಣ್ಣ ಬಳಿದು ನಿಲ್ಲಿಸಿದರು. ನನಗೆ ಇದು ತುಂಬಾ ಇಷ್ಟವಾಯಿತು. ಈ ದಂಡೆಯಲ್ಲಿ ಏನಿತ್ತು ಅಂತ ಮುಂದಿನ ಮಕ್ಕಳಿಗೂ ಕಾಣಬೇಕು, ಅಲ್ವಾ?

ನದಿಯ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. 1974ರಲ್ಲಿ ರೂತ್ ಆಂಡರ್‌ಬರ್ಗ್ ಅನ್ನುವ ಹೆಂಗಸು ನಾಲ್ಕು ಜನರನ್ನು ಸೇರಿಸಿ ನದಿ ಚೊಕ್ಕ ಮಾಡಲು ಹೊರಟರು. 2001ರಲ್ಲಿ ಬ್ರಾಂಕ್ಸ್ ರಿವರ್ ಅಲಯನ್ಸ್ ಹುಟ್ಟಿತು. ಇದರ ಏರ್ಪಾಡು ನಾನು ಕುತೂಹಲದಿಂದ ಕೇಳಿ ತಿಳಿದುಕೊಂಡೆ. ಅಲಯನ್ಸ್ ಜನರ ಸಂಘ. ಆದರೆ ನಗರದ ಪಾರ್ಕ್ಸ್ ಇಲಾಖೆಯ ಜೊತೆ ಸೇರಿಯೇ ಕೆಲಸ ಮಾಡುತ್ತದೆ. ಸಂಘದ ಮುಖ್ಯಸ್ಥರಿಗೇ ಇಲಾಖೆಯಲ್ಲಿ ಈ ನದಿಯ ಹೊಣೆಯೂ ಇರುತ್ತದೆ. ಗಿಡ, ಮಣ್ಣು, ನೀರು ನೋಡಿಕೊಳ್ಳಲು ಒಂದು ತಂಡ, ದಂಡೆಯ ದಾರಿಗೆ ಇನ್ನೊಂದು, ಶಾಲೆಗಳಿಗೆ ಮತ್ತೊಂದು. ಬೀದಿಯ ಜನ ಬಂದು ಕೂರುತ್ತಾರೆ, ವಾದ ಮಾಡುತ್ತಾರೆ. ನೀರಿನ ಪರೀಕ್ಷೆ ಮಾಡುವುದಕ್ಕೂ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ.

ಪಾರ್ಕಿನಲ್ಲಿ ಇನ್ನೊಂದು ಜಾಗ ನೋಡಿದೆ. ಹಣ್ಣು, ಸೊಪ್ಪು, ಗಿಡಮೂಲಿಕೆ ಬೆಳೆಸಿದ್ದಾರೆ. ಯಾರು ಬೇಕಾದರೂ ಕಿತ್ತುಕೊಂಡು ಹೋಗಬಹುದು. ನ್ಯೂಯಾರ್ಕಿನ ಪಾರ್ಕುಗಳಲ್ಲಿ ಏನನ್ನೂ ಕೀಳುವ ಹಾಗಿಲ್ಲ. ಇಲ್ಲಿ ಮಾತ್ರ ಬಿಟ್ಟಿದ್ದಾರೆ. ಅಜ್ಜಿ ನನಗೆ ನಾಲ್ಕು ಪುದೀನ ಎಲೆ ಕಿತ್ತು ಕೊಟ್ಟರು.

2007ರಲ್ಲಿ ನದಿಯಲ್ಲಿ ಒಂದು ಬೀವರ್ ಕಾಣಿಸಿತು. ಮರ ಕಡಿದು ನೀರಿಗೆ ಒಡ್ಡು ಕಟ್ಟುವ ಪ್ರಾಣಿ ಅದು. ನಗರದ ಲಾಂಛನದಲ್ಲಿ ಬೀವರ್ ಇದೆ, ನಗರದಲ್ಲಿ ಮಾತ್ರ 200 ವರ್ಷಗಳಿಂದ ಇರಲಿಲ್ಲ. ನದಿಗೆ ಸರ್ಕಾರದ ದುಡ್ಡು ತಂದುಕೊಟ್ಟ ಆಗಿನ ಸಂಸದ ಹೋಸೆ ಸೆರಾನೊ ಅವರ ಗೌರವಕ್ಕೆ ಅದಕ್ಕೆ ಹೋಸೆ ಅಂತ ಹೆಸರಿಟ್ಟರು. ಅಜ್ಜಿ ಅದನ್ನು ಹೇಳುವಾಗ ಪಕ್ಕದ ಮನೆಯ ಹುಡುಗ ಪಾಸಾದಷ್ಟು ಖುಷಿಯಲ್ಲಿದ್ದರು.

ಮಧ್ಯಾಹ್ನ ದಕ್ಷಿಣಕ್ಕೆ ನಡೆದು ಹಂಟ್ಸ್ ಪಾಯಿಂಟ್ ರಿವರ್‌ಸೈಡ್ ಪಾರ್ಕಿಗೆ ಹೋದೆವು. ಅಲ್ಲಿ ರಾಕಿಂಗ್ ದ ಬೋಟ್ ಅನ್ನುವ ಸಂಸ್ಥೆ ಇದೆ. ಬಡಾವಣೆಯ ಹದಿಹರೆಯದ ಮಕ್ಕಳು ಅಲ್ಲಿ ಕೈಯಾರೆ ಮರದ ದೋಣಿ ಕಟ್ಟುತ್ತಾರೆ. ಬೇಸಿಗೆಯ ಶನಿವಾರಗಳಲ್ಲಿ ಜನರನ್ನು ಸುಮ್ನೆ, ದುಡ್ಡಿಲ್ಲದೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ನಮ್ಮ ದೋಣಿ ಹುಟ್ಟು ಹಾಕಿದ ಹುಡುಗಿಗೆ ಹದಿನೇಳು ವರ್ಷ ಇರಬಹುದು. ನೀರು ಮುಟ್ಟಬಹುದಾ ಅಂತ ಕೇಳಿದೆ.

"ಇವತ್ತು ಮುಟ್ಟಬಹುದು. ಜೋರು ಮಳೆ ಬಂದ ಮೇಲೆ ಬೇಡ."

ಮಳೆನೀರು, ಮನೆಗಳ ಕೊಳಚೆ ಎರಡೂ ಇಲ್ಲಿ ಒಂದೇ ಪೈಪಿನಲ್ಲಿ ಹೋಗುತ್ತವೆ. ಮಳೆ ಜಾಸ್ತಿಯಾದರೆ ಪೈಪು ತುಂಬಿ ನದಿಗೆ ಹರಿಯುತ್ತದೆ. ಇಷ್ಟು ವರ್ಷ ದುಡಿದ ಮೇಲೂ ಆ ಸಮಸ್ಯೆ ಪೂರ್ತಿ ಹೋಗಿಲ್ಲ. ಅವಳು ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು.

ನಾನು ಬಗ್ಗಿ ನೀರಿಗೆ ಕೈ ಇಳಿಸಿದೆ. ತಣ್ಣಗಿತ್ತು. ಕೆಂಗೇರಿಯಲ್ಲಿ ವೃಷಭಾವತಿ ದಾಟುವಾಗ ನಾನು ಬಸ್ಸಿನ ಕಿಟಕಿ ಮುಚ್ಚುತ್ತೇನೆ. ನಮ್ಮಜ್ಜಿ ಅದೇ ನೀರಿನಲ್ಲಿ ಬಟ್ಟೆ ಒಗೆದವರು. ಅಜ್ಜಿಗೂ ನನಗೂ ನಡುವೆ ಆದದ್ದು ಒಂದೇ ತಲೆಮಾರು. ಗಂಟಲು ಕಟ್ಟಿತು. ಮಗಳು ನನ್ನ ಭುಜದ ಮೇಲೆ ಕೈ ಇಟ್ಟಳು.

ದೋಣಿ ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಕೆಂಪು ಗೋಪುರಗಳು ಕಂಡವು. ದಂಡೆಯ ಹಸಿರಿನ ನಡುವೆ ಒಂದು ಮಣ್ಣಿನ ತುಂಡು ಕಂದು ಬಣ್ಣಕ್ಕೆ ಕಾಣುತ್ತಿತ್ತು. ಬೆಳಿಗ್ಗೆ ನಾವು ಕಿತ್ತ ಜಾಗ. ಅಜ್ಜಿಯ ಮೊಮ್ಮಗ ಇನ್ನೂ ಅಲ್ಲೇ ಇದ್ದ. ನಮ್ಮನ್ನು ನೋಡಿ ಗುದ್ದಲಿ ಮೇಲೆತ್ತಿ ಬೀಸಿದ.