ಏಳನೇ ಬ್ಲಾಕಿನಿಂದ ಕಾಣುವ ಬಂದರು

ನಮ್ಮ ಅಜ್ಜಿ ನೀರು ಸೇದುತ್ತಿದ್ದ ಬಾವಿ ಈಗ ಹಡಗುಗಳ ಅಡಿಯಲ್ಲಿದೆ. ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರಿಗೆ ಜಾಗ ಗುರುತಾದಾಗ ಮನೆ, ತೆಂಗಿನ ತೋಟ ಬಿಟ್ಟು ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರದ ಪದವಿನಲ್ಲಿ, ಅಂದರೆ ಎತ್ತರದ ಬಯಲಿನಲ್ಲಿ, ಬ್ಲಾಕುಗಳಾಗಿ ಜಾಗ ಕೊಟ್ಟರು. ಅದಕ್ಕೇ ನಮ್ಮ ಕಡೆಯವರನ್ನು ಊರು ಯಾವುದೆಂದು ಕೇಳಿದರೆ ಇವತ್ತಿಗೂ ‘ಏಳನೇ ಬ್ಲಾಕ್’ ಎನ್ನುತ್ತೇವೆ. ದಡದ ನೆಲವನ್ನೇ ತೋಡಿ, ಅದರೊಳಗೆ ಸಮುದ್ರವನ್ನು ಬಿಟ್ಟು ಮಾಡಿದ ಬಂದರು ಅದು. ಪಣಂಬೂರು ಬೀಚಿಗೆ ಕರೆದುಕೊಂಡು ಹೋದಾಗಲೆಲ್ಲ ಅಜ್ಜಿ ಅತ್ತ ಕೈ ಚಾಚಿ, “ಅಗೋ, ಆ ಕ್ರೇನ್ ನಿಂತಿದೆಯಲ್ಲ, ಅಲ್ಲೇ” ಎನ್ನುತ್ತಿದ್ದರು. ಕ್ರೇನು ಒಂದೊಂದು ಸಲ ಒಂದೊಂದು ಕಡೆ ಇರುತ್ತಿತ್ತು. ಅಜ್ಜಿಯ ಕೈ ಮಾತ್ರ ಯಾವಾಗಲೂ ಒಂದೇ ದಿಕ್ಕಿಗೆ.

ಆ ಬಂದರಿನ ಗೇಟಿನೊಳಗೆ ನಾನು ಹತ್ತೊಂಬತ್ತು ವರ್ಷಗಳಿಂದ ಓಡಾಡುತ್ತಿದ್ದೇನೆ. ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ಕೆಲಸ. ಸರಕಿನ ಕಾಗದಪತ್ರ, ಕಸ್ಟಮ್ಸ್, ಕಂಟೇನರ್ ಸೀಲು ಇವೇ ನನ್ನ ದಿನ. ಇಷ್ಟು ವರ್ಷ ನೋಡಿದ ಮೇಲೆ ನನ್ನ ಮಟ್ಟಿಗೆ ಸರಕು ಎರಡೇ ಬಗೆ: ಕೊಳವೆಯಲ್ಲಿ ಹೋಗುವ ಸರಕು, ಕೈ ದಾಟಿ ಹೋಗುವ ಸರಕು.

ಹಳೆಯ ಮಂಗಳೂರಿನದು ಪೂರ್ತಿ ಕೈಯ ಸರಕು. ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆ ಬಾಗಿಲಿನೊಳಗೆ ದೊಡ್ಡ ಹಡಗು ಬರುವಂತಿರಲಿಲ್ಲ. ಅವು ಹೊರಗೆ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು, ದೋಣಿಗಳು ಸರಕು ಸಾಗಿಸುತ್ತಿದ್ದವು. ಮಳೆಗಾಲದಲ್ಲಿ ಅದೂ ಇಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಶುರು ಮಾಡಿದ ಹಂಚಿನ ಕೆಲಸ ನದಿದಂಡೆಯುದ್ದಕ್ಕೂ ಹಬ್ಬಿತು. ನದಿಯ ಜೇಡಿಮಣ್ಣು ಹಂಚಾಗಿ ಹಡಗು ಹತ್ತಿತು. ನಮ್ಮ ಮಾವ ಹೊಯ್ಗೆ ಬಜಾರಿನ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಸುಟ್ಟ ಹಂಚನ್ನು ಎಡಗೈಯಲ್ಲಿ ಎತ್ತಿ ಬಲಗೈ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರಂತೆ. ಕಂಚಿನಂತೆ ಮೊಳಗಿದರೆ ಒಂದು ಸಾಲಿಗೆ, ಬೊದ್ದೆಂದರೆ ಇನ್ನೊಂದು ಸಾಲಿಗೆ. ಈಗಲೂ ಯಾರದಾದರೂ ಮನೆ ಒಕ್ಕಲಿಗೆ ಹೋದರೆ ಅವರ ಕಣ್ಣು ಹಂಚು ಹುಡುಕುತ್ತ ಮೊದಲು ಮಾಡಿಗೆ ಹೋಗುತ್ತದೆ. ಅಲ್ಲಿರುವುದು ಕಾಂಕ್ರೀಟು.

ಹೊಸ ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಯಿತು; 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಮಳೆಗಾಲದಲ್ಲೂ ಮುಚ್ಚದ ಬಂದರು. ಅದರ ಬೆನ್ನಿಗೇ ರಸಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರು. ಆ ಅದಿರು ಲಾರಿ ಹತ್ತಿ ಬಂದದ್ದಲ್ಲ. ಗಟ್ಟದ ಮೇಲೆ ಅರೆದು ನೀರಿನಲ್ಲಿ ಕಲಸಿದ ಕಪ್ಪು ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಇಳಿದು ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆ ಹುಟ್ಟುವ ಕಾಡಿಗೆ ಅದೇ ಸರಿಯಾದ ತೀರ್ಮಾನ ಎಂದೇ ನನ್ನ ನಂಬಿಕೆ. ಆದರೆ ಗಣಿಯನ್ನು ನಂಬಿ ಗಟ್ಟದ ಮೇಲೆ ಬೆಳೆದಿದ್ದ ಒಂದಿಡೀ ಪಟ್ಟಣ ಖಾಲಿಯಾದದ್ದನ್ನೂ ಮರೆಯಲಾರೆ.

ಆಮೇಲಿನದು ಎಣ್ಣೆಯ ಕಾಲ. ಇಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಇವತ್ತು ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಶುದ್ಧೀಕರಿಸಬಲ್ಲದು. ದೊಡ್ಡ ತೈಲ ಹಡಗು ಬಂದರಿನೊಳಕ್ಕೆ ಬರಬೇಕೆಂದೂ ಇಲ್ಲ. ದೂರ ಸಮುದ್ರದಲ್ಲೇ ತೇಲುವ ಬೋಯ್‌ಗೆ ಕಟ್ಟಿಕೊಂಡು ನಿಂತರೆ ತಳದ ಕೊಳವೆಯಲ್ಲಿ ಎಣ್ಣೆ ದಡ ಸೇರುತ್ತದೆ. ನೆಲದಡಿಯ ಬಂಡೆ ಕೊರೆದು ಮಾಡಿದ ಗವಿಗಳಲ್ಲಿ 15 ಲಕ್ಷ ಟನ್ ತುಂಬಿಡುವ ವ್ಯವಸ್ಥೆಯೂ ಇದೆ. ದೇಶಕ್ಕೆ ಇದೆಲ್ಲ ಬೇಕು, ಒಪ್ಪುತ್ತೇನೆ. ವರ್ಷದ ಕೊನೆಗೆ ಬಂದರಿನ ಟನ್ನಿನ ಲೆಕ್ಕ ಪತ್ರಿಕೆಯಲ್ಲಿ ಬಂದಾಗ ನನಗೂ ಹೆಮ್ಮೆಯೇ. ಆದರೆ ಆ ಲೆಕ್ಕದ ಪಕ್ಕದಲ್ಲಿ, ಆ ಸರಕಿನಿಂದ ಎಷ್ಟು ಮನೆಗಳಲ್ಲಿ ಒಲೆ ಉರಿಯಿತು ಎಂಬ ಲೆಕ್ಕವೂ ಬರಬೇಕು.

ಆದ್ದರಿಂದ ನನ್ನ ಪ್ರೀತಿಯೆಲ್ಲ ಗೇರುಬೀಜದ ಕಂಟೇನರಿನ ಮೇಲೆ. ಆಫ್ರಿಕಾದಿಂದ ಹಸಿ ಬೀಜ ಬರುತ್ತದೆ, ಇಲ್ಲಿಂದ ತಿರುಳು ಹೋಗುತ್ತದೆ; ನಡುವೆ ಇರುವುದು ಹೆಂಗಸರ ಬೆರಳು. ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲೇ ದುಡಿದು ನನ್ನನ್ನು ಬಿ.ಕಾಂ. ಓದಿಸಿದ್ದು. ಬೀಜ ಒಡೆಯುವಾಗ ಸಿಡಿಯುವ ಸೊನೆಗೆ ಬೆರಳ ತುದಿಯ ಚರ್ಮ ಏಳುತ್ತಿತ್ತು, ಉಗುರಿನ ಸಂದು ಕಪ್ಪು. ರಾತ್ರಿ ಊಟಕ್ಕೆ ಕುಳಿತಾಗ ಸಾರನ್ನ ಕಲಸಲು ಅವರು ಚಮಚ ಹಿಡಿಯುತ್ತಿದ್ದರು, ಉಪ್ಪು ಹುಳಿ ತಾಗಿದರೆ ಉರಿಯುತ್ತದೆಂದು. ಈಗ ಕೈಕವಚ ಬಂದಿದೆ, ಯಂತ್ರಗಳೂ ಬಂದಿವೆ. ಆದರೂ ಕಂಟೇನರಿನ ಬಾಗಿಲಿಗೆ ಸೀಲು ಬೀಳುವಾಗ ನಾನು ಒಂದು ಕ್ಷಣ ಅಲ್ಲೇ ನಿಲ್ಲುತ್ತೇನೆ.

ಕೈಯ ಸರಕನ್ನು ನೋಡಬೇಕೆಂದರೆ ಈಗಲೂ ಹಳೆ ಬಂದರಿಗೇ ಹೋಗಬೇಕು. ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ, ಅಂದರೆ ಸರಕಿನ ಮರದ ಹಡಗುಗಳಿಗೆ, ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲವೂ ತುಂಬುವುದು ಅಲ್ಲಿಂದಲೇ. ದಕ್ಕೆಗೂ ಮಂಜಿಗೂ ನಡುವೆ ಹಲಗೆ ಹಾಕಿರುತ್ತಾರೆ. ನೀರು ಉಬ್ಬಿದರೆ ಹಲಗೆ ಏರು, ಇಳಿದರೆ ಇಳಿಜಾರು. ತಲೆಹೊರೆಯ ಕಾಕಾ ಒಬ್ಬರನ್ನು, ಜಾರುವುದಿಲ್ಲವೇ ಎಂದು ಕೇಳಿದ್ದೆ. “ಹಲಗೆ ನಡುವಿನಲ್ಲಿ ಬಗ್ಗುತ್ತದೆ ಮಗಳೇ, ಅದು ಮೇಲೆದ್ದಾಗ ಹೆಜ್ಜೆ ಎತ್ತಬೇಕು” ಎಂದರು. ಅವರ ಮಕ್ಕಳು ಯಾರೂ ಈ ಕೆಲಸಕ್ಕೆ ಬಂದಿಲ್ಲ. ಬರಲೆಂಬ ಆಸೆ ಅವರಿಗೂ ಇಲ್ಲ.

ಮಕ್ಕಳೆಲ್ಲ ಹೋದದ್ದೆಲ್ಲಿಗೆ ಎಂದರೆ ಈಗಿನ ಮಂಗಳೂರು ಅರ್ಥವಾಗುತ್ತದೆ. ಇಲ್ಲಿನ ಕಾಲೇಜುಗಳಿಗೆ, ಆಸ್ಪತ್ರೆಗಳಿಗೆ ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ನಮ್ಮವರು ಬಜ್ಪೆಯಿಂದ ವಿಮಾನ ಹತ್ತುತ್ತಾರೆ. ಈ ಜಿಲ್ಲೆಯಲ್ಲಿ ಹುಟ್ಟಿದ ಕೆಲವು ಬ್ಯಾಂಕುಗಳೂ ಒಂದೊಂದಾಗಿ ದೊಡ್ಡ ಬ್ಯಾಂಕುಗಳೊಳಗೆ ಕರಗಿದವು. 2019ರಲ್ಲಿ ವಿಜಯಾ ಬ್ಯಾಂಕಿನ ಬೋರ್ಡು ಇಳಿಸಿದ ದಿನ ಅಮ್ಮ ತನ್ನ ಹಳೆಯ ಪಾಸ್‌ಬುಕ್ಕನ್ನು ಬೀರುವಿನಲ್ಲಿ ಸೀರೆಯ ಅಡಿಗೆ ಇಟ್ಟರು.

ನನ್ನ ತಮ್ಮ ವೆಲ್ಡರ್. ಪೈಪಿಗೆ ಬೆಸುಗೆ ಹಾಕುವುದನ್ನು ಕಲಿತದ್ದು ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಬಹುದಾದ ದೂರದಲ್ಲಿ, ಗುತ್ತಿಗೆದಾರರೊಬ್ಬರ ಕೈಕೆಳಗೆ. ಶಟ್‌ಡೌನ್ ಇದ್ದಾಗ, ಅಂದರೆ ದುರಸ್ತಿಗೆಂದು ಕಾರ್ಖಾನೆ ನಿಲ್ಲಿಸಿದಾಗ, ಹಗಲು ರಾತ್ರಿ ಕೆಲಸ, ಮುಗಿದ ಮರುದಿನ ಮನೆಯಲ್ಲಿ. ಹೋದ ವಾರ ಅವನಿಗೆ ಸೌದಿಯ ಜುಬೈಲಿನಿಂದ ಕರೆ ಬಂದಿದೆ, ಅಲ್ಲಿಯ ಶಟ್‌ಡೌನಿಗೆ ನಲವತ್ತೈದು ದಿನ. ಅಮ್ಮ ಉಪ್ಪಿನಕಾಯಿ ಕಟ್ಟಿದ್ದಾರೆ. ಅವನು ಬ್ಯಾಗಿನ ತೂಕ ನೋಡುತ್ತ, “ಅಕ್ಕ, ಇಲ್ಲೇ ಬಂದರಿನಲ್ಲಿ ಕಾಯಂ ಏನಾದರೂ ಇದ್ದರೆ ಹೇಳು” ಎಂದ. ನೋಡುತ್ತೇನೆ ಎಂದಿದ್ದೇನೆ.