ಎವೆಯಿಕ್ಕದ ಹವಾಲ್ದಾರರು

ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ತಾವಿನ್ನೂ ಸತ್ತಿಲ್ಲವೆಂದು ಬರೆದುಕೊಡಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನೊಳಗೆ ಕುಳಿತು ಆ ಕಾಗದಗಳನ್ನು ತೆಗೆದುಕೊಂಡವನು ನಾನು. ಈಗ ನಿವೃತ್ತನಾಗಿ ಅಂಕೋಲಾದಲ್ಲಿದ್ದೇನೆ. ಕಾರವಾರದ ಕಡೆಗೆ ಹೋಗುವ ಹೆದ್ದಾರಿಯಿಂದ ಒಂದೆರಡು ಕಿಲೋಮೀಟರ್ ಒಳಗೆ, ಗೇರುಗುಡ್ಡದ ಬುಡದಲ್ಲಿ ಒಂದು ವೃದ್ಧಾಶ್ರಮವಿದೆ. ಅಲ್ಲಿ ಇಬ್ಬರು ಮಾಜಿ ಸೈನಿಕರು, ಒಬ್ಬರು ಸೈನಿಕರ ಪತ್ನಿ ಇದ್ದಾರೆ. ವರ್ಷಕ್ಕೊಮ್ಮೆ ಈ ಮೂವರೂ ಬದುಕಿದ್ದಾರೆಂದು ದಾಖಲಿಸುವ ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡಿದ್ದೇನೆ.

ಪರೋಪಕಾರ ಎಂದು ಯಾರಾದರೂ ಹೊಗಳಿದರೆ ಮುಜುಗರವಾಗುತ್ತದೆ. ಏಕೆಂದರೆ ಇದೊಂದು ಹಳೆಯ ಬಾಕಿ. ನಾನು ಕೌಂಟರಿನಲ್ಲಿದ್ದಾಗ ಒಬ್ಬ ನಿವೃತ್ತ ಸೈನಿಕರ ಮಗ ಬಂದು, ತಂದೆಗೆ ಲಕ್ವಾ ಹೊಡೆದಿದೆ, ಯಾರಾದರೂ ಮನೆಗೆ ಬರಬಹುದೇ ಎಂದು ಕೇಳಿದ್ದ. ಖುದ್ದಾಗಿ ಬರಬೇಕು ಎಂದುಬಿಟ್ಟೆ. ಮರುದಿನ ಗೂಡ್ಸ್ ರಿಕ್ಷಾದ ಹಿಂಭಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕುರ್ಚಿಗೆ ಅವರನ್ನು ಲುಂಗಿಯಿಂದ ಕಟ್ಟಿ ಕರೆತಂದರು. ನಾನು ಹೊರಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವರು ಆಡುತ್ತಿದ್ದ ಎಡಗೈ ಎತ್ತಿ ನನಗೆ ಸೆಲ್ಯೂಟ್ ಹೊಡೆದರು. ಗೆಜೆಟೆಡ್ ಅಧಿಕಾರಿಯೊಬ್ಬರ ಸಹಿಯಿದ್ದರೆ ಅವರು ಬರುವ ಅಗತ್ಯವೇ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಸಾಲು ಉದ್ದವಿತ್ತು, ವಿವರಿಸುವ ತಾಳ್ಮೆ ಇರಲಿಲ್ಲ, ಅಷ್ಟೇ.

ಕಳೆದ ನವೆಂಬರಿನ ಆ ಬೆಳಿಗ್ಗೆ ನಾನು ಹೋದಾಗ ಆಶ್ರಮದ ಜಗಲಿಯಲ್ಲಿ ಕ್ಷೌರ ನಡೆದಿತ್ತು. ಪಕ್ಕದ ಊರಿನ ಕ್ಷೌರಿಕ ತಿಂಗಳಿಗೆರಡು ಸಲ ಅಂಗಡಿ ಮುಚ್ಚಿ ಇಲ್ಲಿಗೆ ಬರುತ್ತಾನೆ. ಹವಾಲ್ದಾರರದು ಮೊದಲ ಸರದಿ, ಮೀಸೆ ಮಾತ್ರ ಮುಟ್ಟುವಂತಿಲ್ಲ. ಅವರು ಪುಣೆ ಬಳಿಯ ಖಡ್ಕಿಯ ಬಾಂಬೆ ಸ್ಯಾಪರ್ಸ್‌ನವರು, ಅಂದರೆ ಸೇನೆಯ ಇಂಜಿನಿಯರ್ ದಳದವರು. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲೇ ಇದ್ದದ್ದರಿಂದ ಇಲ್ಲಿಯ ಹುಡುಗರಿಗೆ ಸೇನೆ ಎಂದರೆ ಖಡ್ಕಿ ಅಥವಾ ಬೆಳಗಾವಿಯ ಮರಾಠಾ ರೆಜಿಮೆಂಟು. ಚೆಂಡಿಯಾದ ರಾಮ ರಾಘೋಬಾ ರಾಣೆಯವರೂ ಬಾಂಬೆ ಸ್ಯಾಪರ್ಸ್‌ನವರೇ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ಮೈನ್‌ಗಳನ್ನೂ ಅಡ್ಡಗಟ್ಟೆಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಕಾರವಾರದ ಕಡಲತೀರದಲ್ಲಿರುವ ಅವರ ಪ್ರತಿಮೆಯ ಮುಂದೆ ಹಾದುಹೋಗುವಾಗ ಹವಾಲ್ದಾರರು ರಿಕ್ಷಾ ನಿಲ್ಲಿಸಿ, ಇಳಿಯಲಾಗದಿದ್ದರೂ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಇವರೂ 1971ರಲ್ಲಿ ಪಶ್ಚಿಮ ಗಡಿಯಲ್ಲಿ ಮೈನ್ ತೆಗೆದವರು. ಮಂಡಿಯೂರಿ, ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ, ತಗುಲಿದ್ದು ಕಲ್ಲೋ ಸಾವೋ ಎಂದು ಬೆರಳ ತುದಿಯಲ್ಲೇ ತಿಳಿದುಕೊಳ್ಳುವ ಕೆಲಸ. ಊರಿಗೆ ಮರಳಿದ ಮೇಲೆ ಚೀರೆಕಲ್ಲಿನ ಕ್ವಾರಿಯಲ್ಲಿ ದುಡಿದರು. ಹಾಗಾಗಿ ಆ ಬೆರಳುಗಳಲ್ಲಿ ಈಗ ಗೆರೆಯೇ ಇಲ್ಲ. ಬೆರಳಚ್ಚಿನ ಯಂತ್ರದ ಮೇಲೆ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟರೂ ಹೊಂದಾಣಿಕೆಯಾಗಿಲ್ಲ ಎಂಬ ಉತ್ತರವೇ ಬರುತ್ತದೆ.

ಬೆರಳಚ್ಚಿನ ಡಿಜಿಟಲ್ ಜೀವನ ಪ್ರಮಾಣ ಶುರುವಾದದ್ದು 2014ರಲ್ಲಿ. 2021ರಿಂದ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿದರೂ ನಡೆಯುತ್ತದೆ. ಮುಖವನ್ನು ಚೌಕಟ್ಟಿನೊಳಗೆ ಹಿಡಿದು ಕಣ್ಣು ಮಿಟುಕಿಸಬೇಕು. ಫೋಟೋ ತೋರಿಸಿ ಮೋಸ ಮಾಡಬಾರದಲ್ಲ, ಅದಕ್ಕೆ. ಈ ಮೊಬೈಲ್ ಕೆಲಸಕ್ಕೆ ನನ್ನ ಜೊತೆ ಬರುವವಳು ನಮ್ಮ ಕೇರಿಯ ಪದವಿ ವಿದ್ಯಾರ್ಥಿನಿ, ಎನ್‌ಸಿಸಿಯವಳು. ಆಶ್ರಮದಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಹವಾಲ್ದಾರರನ್ನು ಅಲ್ಲಿಗೆ ಕರೆತಂದು ನಿಲ್ಲಿಸಿದೆವು.

“ಅಜ್ಜ, ಕಣ್ಣು ಮಿಟುಕಿಸಿ” ಎಂದಳು ಹುಡುಗಿ.

ಅಜ್ಜ ಮಿಟುಕಿಸಲಿಲ್ಲ. ಎದೆ ಮುಂದೆ, ಗದ್ದ ಮೇಲೆ, ದೃಷ್ಟಿ ಕ್ಯಾಮೆರಾದ ಆಚೆ ಎಲ್ಲೋ. ಮೂರು ಸಲ ಸಮಯ ಮುಗಿದು ಮೊಬೈಲ್ ಕೈಚೆಲ್ಲಿತು. ಎಂಥ ಶಿಸ್ತು, ಪಹರೆಯ ಅಭ್ಯಾಸ ಇನ್ನೂ ಬಿಟ್ಟಿಲ್ಲ ನೋಡಿ ಎಂದು ನಾನು ಮನಸ್ಸಿನಲ್ಲೇ ಒಂದು ಭಾಷಣವನ್ನೂ ಸಿದ್ಧಮಾಡಿಕೊಂಡೆ. ಅಷ್ಟರಲ್ಲಿ ಹುಡುಗಿ ಅವರ ಕಿವಿಯಲ್ಲಿದ್ದ ಶ್ರವಣಯಂತ್ರವನ್ನು ಬಗ್ಗಿ ನೋಡಿ, “ಕಾಕಾ, ಇದರಲ್ಲಿ ಬ್ಯಾಟರಿಯೇ ಸತ್ತಿದೆ” ಎಂದಳು. ಪಾಪ, ಅವರಿಗೆ ನಾವು ಹೇಳಿದ್ದು ಕೇಳಿಸಿಯೇ ಇರಲಿಲ್ಲ. ಫೋಟೋ ತೆಗೆಯುತ್ತಿದ್ದಾರೆ ಎಂದುಕೊಂಡು ನೆಟ್ಟಗೆ ನಿಂತಿದ್ದರು. ಅವರ ಫೋಟೋ ತೆಗೆಯುವವರಿಗೆ ಬರವಿಲ್ಲ.

ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೆಂದು ವಿಚಾರಿಸಿದೆ. ಸ್ವಾತಂತ್ರ್ಯೋತ್ಸವದ ಹೊತ್ತಿಗೇ ಇರಲಿಲ್ಲವಂತೆ. ಅಂದರೆ ಆಗಸ್ಟ್ 15ರಂದು ಒಂದು ಸಂಘದವರು ಇವರನ್ನು ವೇದಿಕೆಯಲ್ಲಿ ಒಂದೂವರೆ ತಾಸು ಕೂರಿಸಿ ಸನ್ಮಾನಿಸಿದಾಗ ಇವರಿಗೆ ಒಂದಕ್ಷರವೂ ಕೇಳಿಸಿಲ್ಲ. ಆ ಭಾಷಣಗಳನ್ನು ನಾನು ಕೇಳಿದ್ದೇನೆ, ನಷ್ಟವೇನೂ ಆಗಿಲ್ಲ. ಆದರೆ ಮೂರು ತಿಂಗಳಿಂದ ಅವರೊಂದಿಗೆ ಯಾರೂ ಉತ್ತರ ಬೇಕಾಗುವಂಥ ಒಂದು ಮಾತನ್ನೂ ಆಡಿರಲಿಲ್ಲವೇ? ಆಶ್ರಮದವರನ್ನು ದೂರುವಂತಿಲ್ಲ, ಇಷ್ಟು ಜನರಿಗೆ ನೋಡಿಕೊಳ್ಳುವವರು ಮೂರೇ ಮಂದಿ. ನಾನೂ ಗೌರಿಹಬ್ಬದ ಸುಮಾರಿಗೆ ಬಂದು ಅವರ ಬೆನ್ನು ತಟ್ಟಿ ಹೋಗಿದ್ದೆ. ಅವರು ನಕ್ಕಿದ್ದರು. ಕೇಳಿಸದವರು ನಗುತ್ತಾರೆ, ನಾವು ಕುಶಲವಾಗಿದ್ದಾರೆ ಎಂದು ಮನೆಗೆ ಹೋಗುತ್ತೇವೆ.

ಅವರ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಬ್ಯಾಟರಿಯ ಪೊಟ್ಟಣ ಇರಬಹುದೆಂದು ತೆರೆದೆ. ಮೇಲೆಯೇ ಹನ್ನೊಂದು ಶಾಲುಗಳು ಸಿಕ್ಕವು. ಕರಾವಳಿಯ ಮಳೆಗಾಲಕ್ಕೆ ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ಒಂದು ಮೈಸೂರು ಪೇಟದೊಳಗೆ ಜಿರಳೆ ಸಂಸಾರ ಹೂಡಿತ್ತು. ತಳದಲ್ಲಿ ಸಿಕ್ಕಿದ ಖಾಲಿ ಪೊಟ್ಟಣದ ಮೇಲೆ 13 ಎಂಬ ಅಂಕೆ, ಕಿತ್ತಳೆ ಬಣ್ಣದ ಗುರುತು. ಗುಂಡಿಗಿಂತ ಸಣ್ಣ ಬ್ಯಾಟರಿ, ಹೆಚ್ಚೆಂದರೆ ಎರಡು ವಾರ ಬಾಳಿಕೆ. ಇವರ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಔಷಧಿ ತರಲು ಕಾರವಾರಕ್ಕೆ ಹೋಗಿಬರುವ ರಿಕ್ಷಾದ ಹುಡುಗನಿಗೆ ಪೊಟ್ಟಣದ ಚಿತ್ರ ಕಳಿಸಿದೆ. “ಇದನ್ನೂ ಚೀಟಿಯಲ್ಲಿ ಬರೆದಿದ್ದರೆ ಪ್ರತಿ ಸಲ ತರುತ್ತಿದ್ದೆನಲ್ಲ” ಎಂದು ನನಗೇ ಬೈದ.

ಬ್ಯಾಟರಿ ಬರುವವರೆಗೆ ಉಳಿದಿಬ್ಬರದನ್ನು ಮುಗಿಸಿದೆವು. ಅಜ್ಜಿಯದು ಕುಟುಂಬ ಪಿಂಚಣಿ. ಅದರಲ್ಲಿ ಮರುಮದುವೆಯ ಪ್ರಶ್ನೆ ಇದೆ, ಕೇಳದೆ ಬಿಡುವಂತಿಲ್ಲ. ಹುಡುಗಿ ನಾಚುತ್ತಲೇ ಕೇಳಿದಳು. ಎಂಬತ್ನಾಲ್ಕರ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕು, “ಇಲ್ಲವೆಂದು ಬರೆ ತಂಗಿ. ಯಾರಾದರೂ ಒಪ್ಪಿದರೆ ಮುಂದಿನ ವರ್ಷ ತಿದ್ದೋಣ” ಎಂದರು.

ನೌಕಾಪಡೆಯ ಅಜ್ಜನದು ಒಂದೇ ಸಲಕ್ಕೆ ಆಯಿತು. ಅವರಿಗೆ ಎಂಬತ್ತು ತುಂಬಿದೆ. ಎಂಬತ್ತಾದವರು ಅಕ್ಟೋಬರಿನಲ್ಲೇ ಕೊಡಬಹುದು, ಮೂಲ ಪಿಂಚಣಿಯ ಮೇಲೆ ಶೇ. 20ರಷ್ಟು ಹೆಚ್ಚುವರಿಯೂ ಸಿಗುತ್ತದೆ. ಅದು ಜಮೆಯಾಗಿದೆಯೇ ಎಂದು ಪಾಸ್‌ಬುಕ್ ತಿರುವಿದೆ, ಆಗಿತ್ತು. ಅವರ ಚಿಂತೆ ಬೇರೆ: “ಇವತ್ತು ಬಂಗುಡೆ ಬಂದಿದೆಯೇ?” ಆಶ್ರಮದ ಅಡುಗೆಮನೆ ಸಸ್ಯಾಹಾರಿ, ದಾನಿಗಳ ಇಚ್ಛೆ. ಹಡಗಿನಲ್ಲಿ ಬಾಳಿದ, ಮೀನುಗಾರರ ಮನೆಯಲ್ಲಿ ಹುಟ್ಟಿದ ಮನುಷ್ಯ ಇಲ್ಲಿ ಬಂದ ಮೊದಲ ವರ್ಷ ತೊವ್ವೆ ನೋಡಿದರೆ ಮುಖ ತಿರುಗಿಸುತ್ತಿದ್ದರಂತೆ. ಹಾರವಾಡ ಕಡೆಯಿಂದ ಮೀನುಬುಟ್ಟಿ ಹೊತ್ತು ಬರುವ ಹೆಂಗಸೊಬ್ಬಳು ದಾರಿ ಹುಡುಕಿದಳು. ವಾರಕ್ಕೊಂದು ದಿನ ಅವಳು ತೆಗೆದಿಟ್ಟ ಮೀನನ್ನು ಬೇಲಿಯಾಚೆಯ ಮನೆಯವರು ಸಾರು ಮಾಡುತ್ತಾರೆ, ಅಜ್ಜ ಅವರ ಹಿತ್ತಲಿನಲ್ಲಿ ಕುಳಿತು ಉಂಡು ಬರುತ್ತಾರೆ. ಟ್ರಸ್ಟಿನವರಿಗೆ ಗೊತ್ತಿದೆ, ಬೇಲಿಯಾಚೆಯದು ಅವರಿಗೆ ಕಾಣುವುದಿಲ್ಲ.

1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಮುಳುಗಿದ ಖುಕ್ರಿ ಯುದ್ಧನೌಕೆಯಲ್ಲಿ ಅವರ ಜೊತೆ ತರಬೇತಿ ಪಡೆದವನಿದ್ದ. 18 ಅಧಿಕಾರಿಗಳು, 176 ನಾವಿಕರು ಹೋದರು. ಆ ವಿಷಯ ಅವರು ಮೀನು ಉಣ್ಣುವಾಗ ಮಾತ್ರ ತೆಗೆಯುತ್ತಾರೆ, ಏಕೋ ತಿಳಿಯದು. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಚಪಲ್ ಯುದ್ಧನೌಕೆಯನ್ನು ಯಾರಾದರೂ “ಕರಾಚಿಗೆ ಬಾಂಬು ಹಾಕಿದ ಹಡಗು” ಎಂದರೆ ಮಾತ್ರ ಎಲ್ಲಿದ್ದರೂ ರೇಗುತ್ತಾರೆ: “ಅದು ಸೇವೆಗೆ ಸೇರಿದ್ದೇ 1976ರಲ್ಲಿ. 1971ರಲ್ಲಿ ಕರಾಚಿಗೆ ಹೋದವರು ನಿರ್ಘಾತ್, ನಿಪಾತ್, ವೀರ್. ಹೆಸರನ್ನಾದರೂ ಸರಿಯಾಗಿ ಹೇಳಿ!”

ಮಧ್ಯಾಹ್ನ ಎರಡಕ್ಕೆ ಬ್ಯಾಟರಿ ಬಂತು. ಚೀಟಿ ಕಿತ್ತು, ಒಂದು ನಿಮಿಷ ಗಾಳಿಗೆ ಹಿಡಿದು, ಕಿವಿಗೆ ಏರಿಸಿದೆವು. ಹವಾಲ್ದಾರರು ಬೆಚ್ಚಿ ಮೇಲೆ ನೋಡಿದರು. ಮಾವಿನ ಮರದಲ್ಲಿ ಕಾಗೆಗಳು ಜಗಳವಾಡುತ್ತಿದ್ದವು. ಬಾವಿಕಟ್ಟೆಯ ಬಳಿ ಹುಡುಗಿ ಮಿಟುಕಿಸಿ ಎಂದದ್ದೇ ತಡ, ಎರಡು ಸಲ ಜೋರಾಗಿ ಮಿಟುಕಿಸಿದರು. ಹಸಿರು ವೃತ್ತ, ಪ್ರಮಾಣದ ಸಂಖ್ಯೆ, ಸಂದೇಶ ಎಲ್ಲ ಬಂದವು. ಬದುಕಿದ್ದಾರೆ.

“ನಿಮ್ಮದು ಆಯಿತೇ ಬ್ಯಾಂಕಿನವರೇ?” ಎಂದರು ಅವರು.

ನಾನು ಸುಮ್ಮನಾದೆ. ಆಗಿರಲಿಲ್ಲ. ನವೆಂಬರ್ 28, ನನ್ನದು ನೆನಪೇ ಇರಲಿಲ್ಲ. ಹವಾಲ್ದಾರರು ಹುಡುಗಿಯ ಕೈಯಿಂದ ಮೊಬೈಲ್ ತೆಗೆದುಕೊಂಡರು, ತಲೆಕೆಳಗಾಗಿ ಹಿಡಿದರು, ಅವಳು ಸರಿಮಾಡಿಕೊಟ್ಟಳು. ನನ್ನನ್ನು ಬಾವಿಕಟ್ಟೆಗೆ ಬೆನ್ನು ಮಾಡಿ ನಿಲ್ಲಿಸಿ, ಅಂಗಳ ನಡುಗುವಂತೆ “ಸಾವಧಾನ್!” ಎಂದು ಕೂಗಿದರು. ಜಗಲಿಯಲ್ಲಿದ್ದ ಅಜ್ಜಿ ನಕ್ಕರು, ನನಗೂ ತಡೆಯಲಾಗಲಿಲ್ಲ.

“ಮುಖ ಅಲುಗಾಡಿತು ಕಾಕಾ, ಇನ್ನೊಮ್ಮೆ” ಎಂದಳು ಹುಡುಗಿ.